ಎರಡು ದಡಗಳು, ಒಂದು ದೀಕ್ಷಾಸ್ನಾನ: ಮಳವಳ್ಳಿಯ ಕ್ರೈಸ್ತನೂ ಕೈಸರನ ನ್ಯಾಯಾಧಿಕಾರವೂ

ಮಳವಳ್ಳಿಯಿಂದ ಶಿವನಸಮುದ್ರದ ದಾರಿ ಹಿಡಿದು ಕಾವೇರಿಯನ್ನು ದಾಟಿ ಕೊಳ್ಳೇಗಾಲಕ್ಕೆ ಹೋಗುವವರಿಗೆ ಇಂದು ಜಿಲ್ಲೆ ಬದಲಾಯಿತೆಂಬುದು ರಸ್ತೆಬದಿಯ ಫಲಕದಿಂದ ಮಾತ್ರ ತಿಳಿಯುತ್ತದೆ. ಎರಡು ದಡಗಳಲ್ಲಿಯೂ ಒಂದೇ ಕನ್ನಡ, ಒಂದೇ ರಾಗಿ, ಒಂದೇ ಬಗೆಯ ನೆಂಟಸ್ತನ. ಆದರೆ 1799ರಿಂದ ಸುಮಾರು ಒಂದೂವರೆ ಶತಮಾನದ ಕಾಲ ಈ ನದಿ ಎರಡು ನ್ಯಾಯವ್ಯವಸ್ಥೆಗಳ ಗಡಿಯಾಗಿತ್ತು. ಆ ವರ್ಷದ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಟಿಪ್ಪು ಸುಲ್ತಾನನ ಸೈನ್ಯವು ಜನರಲ್ ಹ್ಯಾರಿಸನ ಸೈನ್ಯದೆದುರು ಹಿಮ್ಮೆಟ್ಟಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅನಂತರ ನಡೆದ ಹಂಚಿಕೆಯಲ್ಲಿ ಮಳವಳ್ಳಿಯು ಒಡೆಯರ ಸಂಸ್ಥಾನದಲ್ಲಿ ಉಳಿಯಿತು. ಕೊಳ್ಳೇಗಾಲವು ಕೊಯಮತ್ತೂರಿನೊಡನೆ ಕಂಪನಿಯ ವಶವಾಗಿ, 1956ರ ತನಕ ಮದ್ರಾಸಿನ ಆಡಳಿತಕ್ಕೆ ಸೇರಿದ್ದಿತು.

ನಮ್ಮ ಸಭೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಈ ಗಡಿಯನ್ನು ಗಮನಿಸುವುದಿಲ್ಲ. ಮಿಷನ್ನುಗಳ ಹೆಸರು, ಸ್ಥಾನಗಳ ಸ್ಥಾಪನೆ, ಶಾಲೆ, ಆಸ್ಪತ್ರೆ, ಇವುಗಳ ಸುತ್ತಲೇ ನಮ್ಮ ಕಥನ ಸುತ್ತುತ್ತದೆ. ದೀಕ್ಷಾಸ್ನಾನ ಪಡೆದು ನೀರಿನಿಂದ ಮೇಲೆ ಬಂದ ಮನುಷ್ಯನು ಕಾನೂನಿನ ಕಣ್ಣಿನಲ್ಲಿ ಯಾರಾಗಿದ್ದನು, ಯಾರ ಪ್ರಜೆಯಾಗಿದ್ದನು, ತನಗೆ ಅನ್ಯಾಯವಾದಾಗ ಯಾರ ಬಾಗಿಲಿಗೆ ಹೋಗಬಹುದಾಗಿತ್ತು ಎಂಬುದನ್ನು ನಾವು ಕೇಳಿದ್ದು ಕಡಿಮೆ. ಈ ಲೇಖನದಲ್ಲಿ ಆ ಪ್ರಶ್ನೆಯನ್ನು ಮಳವಳ್ಳಿಯ ದಡದಲ್ಲಿ ನಿಂತು ಕೇಳಲು ಯತ್ನಿಸಿದ್ದೇವೆ.

1850ರಲ್ಲಿ ಡಾಲ್‌ಹೌಸಿಯ ಕಾಲದಲ್ಲಿ 21ನೆಯ ಕಾಯಿದೆಯು ಹೊರಬಿದ್ದಿತು. ಜಾತಿ ಅಶಕ್ತತೆಗಳ ನಿವಾರಣೆಯ ಕಾಯಿದೆಯೆಂದು ಅದು ಪ್ರಸಿದ್ಧ. ಒಬ್ಬನು ತನ್ನ ಧರ್ಮವನ್ನು ತ್ಯಜಿಸಿದನೆಂಬ ಕಾರಣಕ್ಕಾಗಲಿ, ಜಾತಿಯಿಂದ ಹೊರಹಾಕಲ್ಪಟ್ಟನೆಂಬ ಕಾರಣಕ್ಕಾಗಲಿ ಅವನ ಆಸ್ತಿಯನ್ನೂ ಪಿತ್ರಾರ್ಜಿತದ ಹಕ್ಕನ್ನೂ ಕಿತ್ತುಕೊಳ್ಳುವ ಯಾವ ಪದ್ಧತಿಯನ್ನೂ ಕಂಪನಿಯ ನ್ಯಾಯಾಲಯಗಳು ಜಾರಿಗೊಳಿಸಬಾರದೆಂಬುದು ಅದರ ಸಾರ. ಮದ್ರಾಸಿನಲ್ಲಿಯೂ ಕಲ್ಕತ್ತೆಯಲ್ಲಿಯೂ ಇದಕ್ಕೆ ತೀವ್ರ ವಿರೋಧ ಬಂದಿತು. ಪಿಂಡ ಹಾಕದವನಿಗೆ ಆಸ್ತಿ ಏಕೆಂಬ ವಿರೋಧಿಗಳ ಪ್ರಶ್ನೆ ಅವರ ಶಾಸ್ತ್ರದ ತರ್ಕಕ್ಕೆ ಸರಿಯಾಗಿಯೇ ಇತ್ತೆಂಬುದನ್ನು ನಾವು ಒಪ್ಪಬೇಕು. ಹಳೆಯ ವ್ಯವಹಾರಶಾಸ್ತ್ರದಲ್ಲಿ ಪಿತ್ರಾರ್ಜಿತವೆಂಬುದು ಪಿತೃಗಳ ಋಣದೊಡನೆ ಹೆಣೆದುಕೊಂಡಿತ್ತು. ಪತಿತನಾದವನು ಆ ಋಣದಿಂದ ಹೊರಬಿದ್ದಂತೆ ಪಾಲಿನಿಂದಲೂ ಹೊರಬೀಳುತ್ತಿದ್ದನು.

ಇದರ ಪರಿಣಾಮವನ್ನು ಒಂದು ಕಲ್ಪಿತ ದೃಷ್ಟಾಂತದಿಂದ ನೋಡೋಣ. ಅವಿಭಕ್ತ ಕುಟುಂಬದ ಇಬ್ಬರು ದಾಯಾದಿಗಳು, ಒಬ್ಬನ ಮನೆ ಕೊಳ್ಳೇಗಾಲದ ಕಡೆ, ಇನ್ನೊಬ್ಬನದು ಮಳವಳ್ಳಿಯ ಕಡೆ. ಇಬ್ಬರೂ ಒಂದೇ ದಿನ ಒಬ್ಬರೇ ಬೋಧಕರಿಂದ ದೀಕ್ಷಾಸ್ನಾನ ಪಡೆದರೆನ್ನಿ. ಕೊಳ್ಳೇಗಾಲದವನನ್ನು ಮನೆಯವರು ಹೊರಹಾಕಿದರೂ ಅವನು ಮುನ್ಸೀಫ್ ಕಛೇರಿಗೆ ಹೋಗಿ ತನ್ನ ಪಾಲನ್ನು ಕೇಳಬಲ್ಲನು; 1850ರ ಕಾಯಿದೆ ಅವನ ಬೆನ್ನಿಗಿತ್ತು. ಮಳವಳ್ಳಿಯವನಿಗೆ ಆ ಕಾಯಿದೆ ದೊರೆಯಲಿಲ್ಲ. ಮೈಸೂರಿನ ನ್ಯಾಯಾಲಯಗಳು ಅದು ಸಂಸ್ಥಾನದಲ್ಲಿ ಜಾರಿಯಲ್ಲಿಲ್ಲವೆಂದೇ ತೀರ್ಮಾನಿಸಿದವು. ಹಾಗಾಗಿ ಹಳೆಯ ಶಾಸ್ತ್ರವೇ ನಿಂತಿತು. ಮೈ ಬದುಕಿದ್ದರೂ ವ್ಯವಹಾರದಲ್ಲಿ ಸತ್ತವನು ಎಂಬ ಸ್ಥಿತಿ ಅವನದಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಇದು ಆಸ್ತಿಯಿದ್ದವನ ಪ್ರಶ್ನೆ. ನಮ್ಮ ಸಭೆಗಳ ಬಹುಸಂಖ್ಯಾತರು ಬಂದದ್ದು ಪಾಲು ಕೇಳಲು ಹೊಲವೇ ಇಲ್ಲದ ಕೇರಿಗಳಿಂದ. ಅವರ ಪಾಲಿಗೆ 1850ರ ಕಾಯಿದೆಯ ಇರವೂ ಇಲ್ಲದಿರುವಿಕೆಯೂ ಹೆಚ್ಚುಕಡಿಮೆ ಒಂದೇ. ಮಿಷನರಿಗಳ ಬರಹಗಳಲ್ಲಿ ಆಸ್ತಿ ಕಳೆದುಕೊಂಡ ಮೇಲ್ಜಾತಿಯ ಯುವಕನ ಚಿತ್ರ ಎದ್ದುಕಾಣುವುದಕ್ಕೆ, ಅಂಥವರು ಹೆಚ್ಚಾಗಿದ್ದರೆಂಬುದಕ್ಕಿಂತ, ಅಂಥವರಿಗಾಗಿ ಮಿಷನ್ನು ಹಂಬಲಿಸಿತೆಂಬುದೇ ಕಾರಣವಿರಬೇಕೆಂದು ನಮಗೆ ತೋರುತ್ತದೆ.

ಹಾಗಾದರೆ ಕಾನೂನಿನ ದೃಷ್ಟಿಯಲ್ಲಿ ಮೈಸೂರು ಏನಾಗಿತ್ತು? ಪ್ರಶ್ನೆ ತೋರುವಷ್ಟು ಸರಳವಲ್ಲ. 1831ರಲ್ಲಿ ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ತೆಗೆದುಕೊಂಡನು. ಮುಂದಿನ 50 ವರ್ಷ ಬ್ರಿಟಿಷ್ ಕಮಿಷನರುಗಳೇ ಆಳಿದರು. 1850ರ ಕಾಯಿದೆ ಬಂದಾಗ ಬೆಂಗಳೂರಿನಲ್ಲಿ ಕುಳಿತು ಮೈಸೂರನ್ನು ಆಳುತ್ತಿದ್ದವನು ಮಾರ್ಕ್ ಕಬ್ಬನ್. ಕಂಪನಿಯ ಸರಕಾರಕ್ಕೆ ಒಳಪಟ್ಟ ಪ್ರದೇಶಗಳಿಗೆ ಕಾಯಿದೆ ಅನ್ವಯವೆಂದಿದ್ದ ಮೇಲೆ, ಕಂಪನಿಯ ಅಧಿಕಾರಿಯೇ ಆಳುತ್ತಿದ್ದ ಮಳವಳ್ಳಿ ಅದಕ್ಕೆ ಒಳಪಡಲಿಲ್ಲವೇ? ಇಲ್ಲ. ಆಳುವ ಕೈ ಬ್ರಿಟಿಷರದಾದರೂ ನೆಲ ರಾಜನದೇ ಎಂಬುದು ಒಪ್ಪಿತವಾದ ನಿಲುವು. ಬ್ರಿಟಿಷ್ ಇಂಡಿಯಾದ ಶಾಸನಗಳು ಮೈಸೂರಿಗೆ ತಾವಾಗಿ ಬರುತ್ತಿರಲಿಲ್ಲ. ಬೇಕೆನಿಸಿದುದನ್ನು ಪ್ರತ್ಯೇಕವಾಗಿ ತಂದು ಜಾರಿಗೊಳಿಸಬೇಕಾಗಿತ್ತು. ದಂಡಸಂಹಿತೆ ಹಾಗೆ ಬಂದಿತು. ಮತಾಂತರಿಯನ್ನು ರಕ್ಷಿಸುವ ಕಾಯಿದೆ ಹಾಗೆ ಬರಲಿಲ್ಲ. ಅರ್ಧ ಶತಮಾನ ಕ್ರೈಸ್ತರೆನಿಸಿಕೊಂಡ ಕಮಿಷನರುಗಳು ಆಳಿದ ನಾಡಿನಲ್ಲಿ ಆದ ಸಂಗತಿ ಇದು. ಸಾಮ್ರಾಜ್ಯವೇ ಸುವಾರ್ತೆಯ ಬೆಂಬಲಕ್ಕಿತ್ತೆಂದು ದೂರುವವರೂ ಹೆಮ್ಮೆಪಡುವವರೂ ಈ ಒಂದು ಸಂಗತಿಯನ್ನು ಸಮನಾಗಿ ಮರೆಯುತ್ತಾರೆ.

1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ಅಧಿಕಾರವನ್ನು ಹಿಂದಿರುಗಿಸಲಾಯಿತು. ಹಸ್ತಾಂತರ ಪತ್ರದ ಷರತ್ತುಗಳು ಬಿಗಿಯಾಗಿದ್ದವು: ಆಗ ಜಾರಿಯಲ್ಲಿದ್ದ ಕಾನೂನುಗಳನ್ನೂ ಆಡಳಿತದ ಪದ್ಧತಿಯನ್ನೂ ಗವರ್ನರ್ ಜನರಲರ ಒಪ್ಪಿಗೆಯಿಲ್ಲದೆ ಬದಲಿಸುವಂತಿರಲಿಲ್ಲ. ಬೆಂಗಳೂರಿನ ದಂಡಿನ ಪ್ರದೇಶ ರಾಜನ ನೆಲವಾಗಿಯೇ ಉಳಿದು, ಅದರ ನ್ಯಾಯಾಧಿಕಾರ ಮಾತ್ರ ಬ್ರಿಟಿಷರ ಕೈಯಲ್ಲಿ 1947ರ ತನಕ ನಿಂತಿತು. 1889ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ತನ್ನ ಶಾಸನಗಳ ಪದಗಳಿಗೆ ಅರ್ಥ ಕಟ್ಟಿದಾಗ ‘ಬ್ರಿಟಿಷ್ ಇಂಡಿಯಾ’ ಬೇರೆ, ಸಂಸ್ಥಾನಗಳನ್ನೂ ಒಳಗೊಂಡ ‘ಇಂಡಿಯಾ’ ಬೇರೆ ಎಂದು ಬರೆದಿಟ್ಟಿತು. ಮಳವಳ್ಳಿಯು ಎರಡನೆಯದಕ್ಕೆ ಸೇರಿತ್ತು, ಮೊದಲನೆಯದಕ್ಕಲ್ಲ. ಅಲ್ಲಿ ಹುಟ್ಟಿದವನು ರಾಣಿಯ ಪ್ರಜೆಯಾಗಿರಲಿಲ್ಲ, ಮಹಾರಾಜರ ಪ್ರಜೆ. ಹೊರದೇಶಕ್ಕೆ ಹೋದರೆ ಮಾತ್ರ ‘ಬ್ರಿಟಿಷ್ ರಕ್ಷಣೆಗೆ ಒಳಪಟ್ಟವನು’ ಎಂಬ ಹೆಸರು ಅವನಿಗೆ ದೊರೆಯುತ್ತಿತ್ತು.

ಈ ಭೇದವು ಸಭಾಪಾಲಕರ ಮೇಜಿನ ಮೇಲಿನ ರಿಜಿಸ್ಟರಿಗೂ ಬಂದಿತು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯು ಬ್ರಿಟಿಷ್ ಇಂಡಿಯಾಕ್ಕೆಲ್ಲ ಅನ್ವಯಿಸಿತು. ದೇಶೀಯ ಸಂಸ್ಥಾನಗಳಲ್ಲಿ ಮಾತ್ರ ಅದು ರಾಣಿಯ ಕ್ರೈಸ್ತ ಪ್ರಜೆಗಳಿಗೆ ಸೀಮಿತವಾಗಿತ್ತು. ಕೊಳ್ಳೇಗಾಲದಲ್ಲಿ ಹುಟ್ಟಿದ ಕನ್ಯೆಯನ್ನು ಮಳವಳ್ಳಿಯಲ್ಲಿ ಹುಟ್ಟಿದ ವರನಿಗೆ ಸಂಸ್ಥಾನದ ನೆಲದಲ್ಲಿ ವಿವಾಹ ಮಾಡಿಸಿದ ಬೋಧಕನ ಎದುರಿನಲ್ಲಿ, ಒಂದೇ ವೇದಿಯ ಮುಂದೆ, ಆ ಕಾಯಿದೆಯ ವ್ಯಾಪ್ತಿಗೆ ಬರುವವಳೊಬ್ಬಳು, ಬಾರದವನೊಬ್ಬನು ನಿಂತಿರುತ್ತಿದ್ದರು.

ಬ್ರಿಟಿಷ್ ಇಂಡಿಯಾದ ಕಡೆಯ ಕನ್ನಡ ನಾಡಿನಿಂದ ಒಂದು ಮೊಕದ್ದಮೆ ಲಂಡನ್ನಿನವರೆಗೆ ಹೋಯಿತು. ಬಳ್ಳಾರಿಯ ಮ್ಯಾಥ್ಯೂ ಅಬ್ರಹಾಂ ಎಂಬ ಕ್ರೈಸ್ತ ವ್ಯಾಪಾರಿ 1842ರಲ್ಲಿ ತೀರಿಕೊಂಡನು. ಅವನ ವಿಧವೆ ಷಾರ್ಲಟ್‌ಗೂ ಅವನ ತಮ್ಮ ಫ್ರಾನ್ಸಿಸ್‌ಗೂ ಆಸ್ತಿಯ ವ್ಯಾಜ್ಯ ಹುಟ್ಟಿತು. ಕುಟುಂಬ ಹಿಂದೂ ಮೂಲದ್ದಾದುದರಿಂದ ಅವಿಭಕ್ತ ಕುಟುಂಬದ ನಿಯಮ ತನಗೂ ಸಲ್ಲುತ್ತದೆಂದು ತಮ್ಮನ ವಾದ. ಬಳ್ಳಾರಿಯ ನ್ಯಾಯಾಲಯದಿಂದ ಮದ್ರಾಸಿಗೂ ಅಲ್ಲಿಂದ ಪ್ರಿವಿ ಕೌನ್ಸಿಲಿಗೂ ಅದು ಏರಿತು. 1863ರಲ್ಲಿ ಪ್ರಿವಿ ಕೌನ್ಸಿಲು, ಕ್ರೈಸ್ತನಾದವನನ್ನು ಹಿಂದೂ ವ್ಯವಹಾರಶಾಸ್ತ್ರ ತಾನಾಗಿ ಕಟ್ಟಿಹಾಕುವುದಿಲ್ಲವೆಂದೂ, ಹಳೆಯ ಪದ್ಧತಿಯನ್ನು ಉಳಿಸಿಕೊಳ್ಳುವುದೂ ಬಿಡುವುದೂ ಅವನ ನಡವಳಿಕೆಯಿಂದ ತಿಳಿಯತಕ್ಕದ್ದೆಂದೂ ತೀರ್ಪಿತ್ತಿತು. ಕ್ರೈಸ್ತನಾಗುವುದೆಂದರೆ ಯಾವ ರೂಢಿಯನ್ನು ಬಿಡುವುದು, ಯಾವುದನ್ನು ಉಳಿಸಿಕೊಳ್ಳುವುದು ಎಂಬುದನ್ನು ಬಳ್ಳಾರಿಯ ಸಭೆಯ ಹಿರಿಯರಲ್ಲ, ಲಂಡನ್ನಿನ ನ್ಯಾಯಾಧೀಶರು ನಿರ್ಣಯಿಸಿದರು. ಆದರೂ ಆ ಬಾಗಿಲು ತೆರೆದಿತ್ತೆಂಬುದು ನಿಜ. ಮಳವಳ್ಳಿಯವನಿಗೆ ಅದು ಇರಲಿಲ್ಲ. 1884ರಲ್ಲಿ ಸ್ಥಾಪಿತವಾದ ಮೈಸೂರಿನ ಚೀಫ್ ಕೋರ್ಟಿನ ತೀರ್ಪಿನ ಮೇಲೆ ಪ್ರಿವಿ ಕೌನ್ಸಿಲಿಗೆ ಮೇಲ್ಮನವಿ ಹೋಗುತ್ತಿರಲಿಲ್ಲ.

ಸಾಮ್ರಾಜ್ಯದೊಳಗಿದ್ದೂ ಸಾಮ್ರಾಜ್ಯದ ಪ್ರಜೆಯಲ್ಲದ ಈ ಸ್ಥಿತಿ ಮೈಸೂರಿಗೆ ಮಾತ್ರ ಸೇರಿದ್ದಲ್ಲ. ಇದನ್ನು ಅರಿಯಲು ದಕ್ಷಿಣ ಆಫ್ರಿಕದ ಕಡೆ ನೋಡುವುದು ಉಪಯುಕ್ತ. ಏಕೆಂದರೆ ಬೆಂಗಳೂರಿನ ದಂಡಿನ ಪ್ರದೇಶವನ್ನು ಬ್ರಿಟಿಷರು ಆಳುತ್ತಿದ್ದುದಕ್ಕೂ ಆಫ್ರಿಕದ ಬೆಚುವಾನಾಲ್ಯಾಂಡನ್ನು ಆಳುತ್ತಿದ್ದುದಕ್ಕೂ ಆಧಾರ 1890ರ ಒಂದೇ ಶಾಸನ, ವಿದೇಶೀ ನ್ಯಾಯಾಧಿಕಾರ ಕಾಯಿದೆ. ಬೆಚುವಾನಾಲ್ಯಾಂಡ್ 1885ರಿಂದ ‘ರಕ್ಷಿತ ಪ್ರಾಂತ’. 1895ರಲ್ಲಿ ಅಲ್ಲಿನ ಮೂವರು ನಾಯಕರು, ಖಾಮಾ, ಸೆಬೆಲೆ, ಬಾಥೊಯೆನ್, ಲಂಡನ್ ಮಿಷನ್ನಿನ ವಿಲೊಬಿಯವರೊಡನೆ ಇಂಗ್ಲೆಂಡಿಗೆ ಹೋಗಿ, ತಮ್ಮ ನಾಡನ್ನು ರೋಡ್ಸನ ಕಂಪನಿಗೆ ಒಪ್ಪಿಸಬಾರದೆಂದು ಕೇಳಿಕೊಂಡರು. ನಮ್ಮ ಬಳ್ಳಾರಿಯಲ್ಲಿ 1810ರಿಂದ ದುಡಿದ, ಜಾನ್ ಹ್ಯಾಂಡ್ಸನ ಮೂಲಕ ಕನ್ನಡ ಸತ್ಯವೇದಕ್ಕೆ ಕಾರಣವಾದ ಮಿಷನ್ನೇ ಅದು. ಅವರ ಮೊರೆಗೆ ಬಹುಮಟ್ಟಿಗೆ ಫಲ ದೊರೆಯಿತು. ಮುಂದೆ ಬಾಟವಾನಾ ಜನರ ನಾಯಕ ಸೆಕ್‌ಗೊಮನನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟರು. 1910ರಲ್ಲಿ ಲಂಡನ್ನಿನ ಮೇಲ್ಮನವಿ ನ್ಯಾಯಾಲಯದಲ್ಲಿ ಅವನ ಪರವಾಗಿ ಬಿಡುಗಡೆಯ ಆಜ್ಞೆ ಕೇಳಲಾಯಿತು. ಅವನ ನಾಡು ವಿದೇಶವೆಂದೂ, ಆದರೂ ಅಲ್ಲಿ ರಾಜನ ಅಧಿಕಾರ ನಡೆಯುತ್ತದೆಂದೂ, ಬಂಧನದ ಘೋಷಣೆ ಊರ್ಜಿತವೆಂದೂ ನ್ಯಾಯಾಲಯ ಹೇಳಿತು. ಆಳುವಷ್ಟು ಸ್ವಂತ ನೆಲ, ಹಕ್ಕು ಕೇಳುವಾಗ ಪರದೇಶ. ಮೈಸೂರಿನ ಪ್ರಶ್ನೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಬೇರೆ ಮೊಕದ್ದಮೆ ತೋರಿಸಿದ್ದನ್ನು ನಾವು ಕಂಡಿಲ್ಲ.

ನೇಟಾಲಿನ ಪ್ರಸಂಗದಲ್ಲಿ ಮೈಸೂರಿನ ಹೆಸರೇ ಬರುತ್ತದೆ. 1894ರಲ್ಲಿ ಅಲ್ಲಿನ ಭಾರತೀಯರ ಮತದಾನದ ಹಕ್ಕನ್ನು ಕಿತ್ತುಕೊಳ್ಳುವ ಮಸೂದೆ ಬಂದಾಗ, ಯುವ ವಕೀಲ ಗಾಂಧಿಯವರು ಸಿದ್ಧಪಡಿಸಿದ ಮನವಿಯಲ್ಲಿ, ಭಾರತೀಯರಿಗೆ ಪ್ರಾತಿನಿಧಿಕ ಸಂಸ್ಥೆಗಳು ಹೊಸತಲ್ಲವೆಂಬುದಕ್ಕೆ ಮೈಸೂರಿನ ಸಭೆಯನ್ನು ಸಾಕ್ಷಿಯಾಗಿ ಕೊಟ್ಟಿದ್ದರು. ದಿವಾನ್ ರಂಗಾಚಾರ್ಲು 1881ರ ದಸರೆಯಲ್ಲಿ 144 ಮಂದಿಯನ್ನು ಕರೆದು ನೆರೆಯಿಸಿದ ಪ್ರಜಾಪ್ರತಿನಿಧಿ ಸಭೆ ಅದು. ಕೇಳಿಸಿಕೊಳ್ಳುವುದೂ ಅಹವಾಲು ಹೇಳುವುದೂ ಬಿಟ್ಟರೆ ಅದಕ್ಕೆ ಬೇರೆ ಅಧಿಕಾರವಿರಲಿಲ್ಲವಾದುದರಿಂದ ಆ ಮನವಿ ಅದನ್ನು ಸ್ವಲ್ಪ ಎತ್ತರಿಸಿಯೇ ಹೇಳಿತ್ತೆನ್ನಬೇಕು. ಆದರೆ ವಿಚಿತ್ರ ಬೇರೆಯೇ ಇದೆ. ಮನವಿಯ ಬಲವೆಲ್ಲ ಅರ್ಜಿದಾರರು ಬ್ರಿಟಿಷ್ ಪ್ರಜೆಗಳೆಂಬುದರ ಮೇಲೆ, 1858ರ ರಾಣಿಯ ಘೋಷಣೆಯ ಮೇಲೆ ನಿಂತಿತ್ತು. ಸಾಕ್ಷಿಯಾಗಿ ಬಂದ ಸಭೆಯ ಸದಸ್ಯರು ಬ್ರಿಟಿಷ್ ಪ್ರಜೆಗಳಲ್ಲ. 1896ರ ನೇಟಾಲ್ ಕಾಯಿದೆ, ಪಾರ್ಲಿಮೆಂಟರಿ ಮತದಾನದ ಸಂಸ್ಥೆಗಳಿಲ್ಲದ ದೇಶದವರಿಗೆ ಮತವಿಲ್ಲವೆಂದು, ಭಾರತೀಯರ ಹೆಸರೆತ್ತದೆಯೇ ಅವರನ್ನು ಹೊರಗಿಟ್ಟಿತು.

1913ರ ಮಾರ್ಚ್ 14ರಂದು ಕೇಪಿನ ನ್ಯಾಯಾಧೀಶ ಸರ್ಲ್ ಕೊಟ್ಟ ತೀರ್ಪನ್ನು ಈ ಪತ್ರಿಕೆಯ ಓದುಗರು ವಿಶೇಷವಾಗಿ ಗಮನಿಸಬೇಕು. ಬಹುಪತ್ನೀತ್ವಕ್ಕೆ ಎಡೆಯಿರುವ ಧರ್ಮದ ವಿಧಿಯಿಂದಾದ ವಿವಾಹವನ್ನು ವಲಸೆಯ ಕಾನೂನು ಮಾನ್ಯಮಾಡುವುದಿಲ್ಲವೆಂದು ಅದು ಹೇಳಿತು. ಕ್ರೈಸ್ತ ವಿಧಿಯಿಂದಾಗದ ವಿವಾಹಗಳೆಲ್ಲ ಅನೂರ್ಜಿತವೆಂದೇ ಅಲ್ಲಿನ ಭಾರತೀಯರು ಅದನ್ನು ಅರ್ಥಮಾಡಿಕೊಂಡರು. ಆ ವರ್ಷದ ಸತ್ಯಾಗ್ರಹಕ್ಕೆ ಹೆಂಗಸರು ಬಂದದ್ದು ಅದರಿಂದಲೇ. 1914ರ ಪರಿಹಾರ ಕಾಯಿದೆಯಿಂದ ಈ ಸಂಕಟ ಬಹುಮಟ್ಟಿಗೆ ತೀರಿತು. ಅಲ್ಲಿ ಕ್ರೈಸ್ತ ವಿಧಿಯಿಲ್ಲದೆ ಹೆಂಡತಿಯನ್ನು ಕರೆತರಲಾಗದೆ ನಿಂತವನಿಗೂ, ಇಲ್ಲಿ ಕ್ರೈಸ್ತನಾದುದರಿಂದಲೇ ಮನೆ-ಹೊಲ ಕಳೆದುಕೊಂಡವನಿಗೂ ಮೇಲಿದ್ದ ಕಿರೀಟ ಒಂದೇ.

ನಮ್ಮ ಸಭೆ ಇದಕ್ಕೆ ಏನು ಮಾಡಿತು? ಮಿಷನರಿಗಳು ದರ್ಬಾರಿಗೆ ಮನವಿ ಕೊಟ್ಟರು. ಅಲ್ಲಿ ಫಲಿಸದಾಗ ರೆಸಿಡೆಂಟರತ್ತ, ಪರಮಾಧಿಕಾರವುಳ್ಳ ಸರಕಾರದತ್ತ ತಿರುಗಿದರು. ಅದು ಸಹಜವೆಂದೇ ತೋರುತ್ತದೆ. ಆದರೆ ಅದರ ಬೆಲೆಯನ್ನು ಮಳವಳ್ಳಿಯವನು ತೆತ್ತನೆಂದು ನಮ್ಮ ಅಭಿಪ್ರಾಯ. ಪ್ರತಿಯೊಂದು ಮನವಿಯೂ ಅವನನ್ನು ಮಹಾರಾಜರ ಪ್ರಜೆಯೆಂಬುದಕ್ಕಿಂತ ಬಿಳಿಯರ ಆಶ್ರಿತನೆಂದೇ ಊರಿನವರಿಗೆ ತೋರಿಸಿತು. ಇದೇ ಮೈಸೂರು, ದಿವಾನ್ ಶೇಷಾದ್ರಿ ಅಯ್ಯರರ ಕಾಲದಲ್ಲಿ, 1894ರಲ್ಲಿಯೇ, 8 ವರ್ಷಕ್ಕೆ ಕೆಳಗಿನ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಿತ್ತೆಂಬುದನ್ನು ಮರೆಯಬಾರದು. 1933ರಲ್ಲಿ ಹಿಂದೂ ಸ್ತ್ರೀಯರಿಗೆ ಆಸ್ತಿಯ ಹಕ್ಕು ವಿಸ್ತರಿಸುವ ಶಾಸನವನ್ನೂ ತಂದಿತು. ಶಾಸ್ತ್ರವನ್ನು ಮುಟ್ಟಲು ಅಂಜುವ ಸರಕಾರ ಅದಾಗಿರಲಿಲ್ಲ. ಸ್ಥಳೀಯರು ತಮ್ಮವರೆಂದು ಒಪ್ಪಿದವರ ಪರವಾಗಿ ಅದು ಶಾಸ್ತ್ರವನ್ನು ಬದಲಿಸಿತು. ಮತಾಂತರಿಯ ಪಿತ್ರಾರ್ಜಿತದ ವಿಷಯದಲ್ಲಿ ಮಾತ್ರ 20ನೆಯ ಶತಮಾನದಲ್ಲಿಯೂ ದಶಕಗಳು ಕಳೆದವು. ಪ್ರಜಾಪ್ರತಿನಿಧಿ ಸಭೆಯಲ್ಲಿ ಕನ್ನಡದಲ್ಲಿ ನಿಂತು ಮಾತನಾಡುವ ಕ್ರೈಸ್ತ ಒಕ್ಕಲಿಗನೊಬ್ಬನನ್ನು ಬೆಳೆಸುವುದಕ್ಕೆ ಮಿಷನ್ನು ರೆಸಿಡೆಂಟರ ಓಲೆಗೆ ಕೊಟ್ಟಷ್ಟು ಗಮನವನ್ನು ಕೊಡಲಿಲ್ಲವೆಂದು ನಾವು ಹೇಳಿದರೆ ಹಿರಿಯರು ಮನ್ನಿಸಬೇಕು.

ಈ ಬಗೆಯ ಮೊರೆಗೆ ನಾವು ಯಾವಾಗಲೂ ಎತ್ತಿಕೊಳ್ಳುವ ಆಧಾರ ಅಪೊಸ್ತಲರ ಕೃತ್ಯಗಳ 25ನೆಯ ಅಧ್ಯಾಯ. ಫೆಸ್ತನ ನ್ಯಾಯಾಸನದ ಮುಂದೆ ಪೌಲನು ಕೈಸರನಿಗೆ ಮೊರೆಯಿಟ್ಟನು. ಆದರೆ ಅವನು ಹಾಗೆ ಮಾಡಬಲ್ಲವನಾದುದು ಹುಟ್ಟಿನಿಂದಲೇ ರೋಮಿನ ಪೌರನಾಗಿದ್ದುದರಿಂದ. 22ನೆಯ ಅಧ್ಯಾಯದಲ್ಲಿ ಸಹಸ್ರಾಧಿಪತಿಗೆ ಅವನು ಹೇಳಿದ್ದೂ ಅದನ್ನೇ. ಆ ಹಕ್ಕು ಸಿಲೊವಾಮಿನ ಕೊಳದ ಬಳಿಯ ಕುರುಡನಿಗಿರಲಿಲ್ಲ, ಗಲಿಲಾಯದ ಬೆಸ್ತರಿಗಿರಲಿಲ್ಲ. ಕರ್ತನಿಗೂ ಇರಲಿಲ್ಲ. ಲೂಕನು 23ನೆಯ ಅಧ್ಯಾಯದಲ್ಲಿ ಮಾತ್ರ ಬರೆದಿಟ್ಟ ಒಂದು ಸಂಗತಿಯನ್ನು ವ್ಯಾಖ್ಯಾನಕಾರರು ಬೇಗನೆ ದಾಟಿಬಿಡುತ್ತಾರೆ. ಈ ಮನುಷ್ಯ ಗಲಿಲಾಯದವನೋ ಎಂದು ಪಿಲಾತನು ವಿಚಾರಿಸುತ್ತಾನೆ. ಹೆರೋದನ ಅಧಿಕಾರಕ್ಕೆ ಸೇರಿದವನೆಂದು ತಿಳಿದು ಅವನ ಬಳಿಗೆ ಕಳುಹಿಸುತ್ತಾನೆ. ಹೆರೋದನೆಂದರೆ ರೋಮಿನ ಕೃಪೆಯಿಂದ ಆಳುತ್ತಿದ್ದ ದೇಶೀಯ ಅರಸ. ಅವನು ಹಾಸ್ಯಮಾಡಿ, ಹೊಳೆಯುವ ಉಡುಪು ತೊಡಿಸಿ ಹಿಂದಕ್ಕೆ ಕಳುಹಿಸುತ್ತಾನೆ. ಯಾವ ನ್ಯಾಯಾಧಿಕಾರವೂ ತನ್ನದೆಂದು ಹೊರದ ಮನುಷ್ಯನನ್ನು ಎರಡು ಅರಮನೆಗಳ ನಡುವೆ ನಡೆಸಲಾಯಿತು. ಆ ದಿನ ಹೆರೋದನೂ ಪಿಲಾತನೂ ಸ್ನೇಹಿತರಾದರೆಂದು ಲೂಕನು ಸೇರಿಸುತ್ತಾನೆ. ದರ್ಬಾರು ರೆಸಿಡೆನ್ಸಿಯನ್ನೂ ರೆಸಿಡೆನ್ಸಿ ದರ್ಬಾರನ್ನೂ ತೋರಿಸುತ್ತಿದ್ದ ಕಾಲದ ಮಳವಳ್ಳಿಯ ಕ್ರೈಸ್ತನು ಯಾರ ಜಾಡಿನಲ್ಲಿದ್ದನೆಂಬುದನ್ನು ನಾವು ಪೌಲನ ಅಧ್ಯಾಯದಲ್ಲಿ ಹುಡುಕುತ್ತಾ ಬಂದಿದ್ದೇವೆ.

1947ರಲ್ಲಿ ಪರಮಾಧಿಕಾರ ಮುಗಿಯಿತು. 1950ರಲ್ಲಿ ಎರಡೂ ದಡದವರು ಒಂದೇ ಸಂವಿಧಾನದ ಪೌರರಾದರು. 1956ರ ನವೆಂಬರಿನಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದಿತು. ಮದ್ರಾಸಿನ ಕಾಯಿದೆ, ಮೈಸೂರಿನ ಕಾಯಿದೆ ಎಂಬ ಹಳೆಯ ಭೇದ ಈಗ ವಕೀಲರ ಹಳೆಯ ಸಂಪುಟಗಳಲ್ಲಿ ಮಾತ್ರ ಇದೆ. ಆದರೆ ಅದೇ 1950ರಲ್ಲಿ ಹೊರಟ ಪರಿಶಿಷ್ಟ ಜಾತಿಗಳ ಆಜ್ಞೆಯು ಹಿಂದೂ ಧರ್ಮದವರಲ್ಲದವರು ಪರಿಶಿಷ್ಟ ಜಾತಿಯವರೆನಿಸರೆಂದು ವಿಧಿಸಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಒಳಗೆ ತೆಗೆದುಕೊಳ್ಳಲಾಯಿತು. ಕ್ರೈಸ್ತರನ್ನೂ ಮುಸಲ್ಮಾನರನ್ನೂ ಅಲ್ಲ. ನದಿಯ ಯಾವ ದಡದ ಕೇರಿಯಾದರೂ ಸರಿ, ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಹೆಸರು ಬರೆಸುವವನು ಆ ಮುನ್ನ ತಾಲ್ಲೂಕು ಕಛೇರಿಯ ಜಾತಿ ಪ್ರಮಾಣಪತ್ರವನ್ನು ನೆನೆಯುತ್ತಾನೆ. ಹೊಲವಿಲ್ಲದವನಿಗೆ 1850ರ ಪ್ರಶ್ನೆ ತಟ್ಟಲಿಲ್ಲವೆಂದು ನಾವು ಮೇಲೆ ಬರೆದೆವು. ಈ ಪ್ರಶ್ನೆ ತಟ್ಟುವುದು ಅವನನ್ನೇ. ಮಂಡ್ಯ ಮತ್ತು ಚಾಮರಾಜನಗರ ಜಿಲ್ಲೆಗಳ ಸಭಾಪಾಲಕರು ಆ ರಿಜಿಸ್ಟರನ್ನು ಈಗಲೂ ಅವನೆದುರು ತೆರೆಯುತ್ತಿದ್ದಾರೆ.